ಹೊಂಗೆ ಮರದಲ್ಲೊಂದು ತಟ್ಟೆ

ತಟ್ಟೆ ಎಸೆಯುವುದು ನಮ್ಮ ಮನೆಯಲ್ಲಿ ಕೋಪದ ಲಕ್ಷಣ. ಅದು ಆಟವೂ ಹೌದೆಂದು ತಿಳಿಸಿದವನು ಅಮೆರಿಕದಿಂದ ರಜೆಗೆ ಬಂದ ಅಕ್ಕನ ಮಗ. ಹೆಸರು ಡಿಸ್ಕ್ ಗಾಲ್ಫ್: ಡಿಸ್ಕ್ ಎಂಬ ಪ್ಲಾಸ್ಟಿಕ್ ತಟ್ಟೆಯನ್ನು ಆದಷ್ಟು ಕಡಿಮೆ ಎಸೆತದಲ್ಲಿ ಗುರಿಗೆ ಮುಟ್ಟಿಸುವುದು. ಗಾಲ್ಫ್ ಎಂದರೆ ನನಗೆ ಗೊತ್ತಿದ್ದದ್ದು ಇಷ್ಟೇ: 1876ರಿಂದ ಇರುವ ನಮ್ಮೂರಿನ ಗಾಲ್ಫ್ ಕ್ಲಬ್ಬಿನ ಹಸಿರು, ಸ್ಯಾಂಕಿ ರಸ್ತೆಯ ಬಸ್ಸಿನ ಕಿಟಕಿಯಿಂದ ಕಂಡಷ್ಟು. ಇದಕ್ಕೆ ಸದಸ್ಯತ್ವವೂ ಬೇಡ, ಕೋಲೂ ಬೇಡ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹುಡುಗ ಆರು ಮರಗಳಿಗೆ ಕೆಂಪು ರಿಬ್ಬನ್ ಕಟ್ಟಿದ. ಒಂದರಿಂದ ಇನ್ನೊಂದಕ್ಕೆ ನಲವತ್ತು ಹೆಜ್ಜೆ. ಕಲಿಯುವವರಿಗೆ ಅಷ್ಟು ಸಾಕಂತೆ. ಅಸಲಿಗೆ ಕಂಬದ ಮೇಲೆ ಸರಪಳಿ ಇಳಿಬಿಟ್ಟ ಬುಟ್ಟಿ ಇರಬೇಕು. ಆ ಬುಟ್ಟಿಯನ್ನು ಕಂಡುಹಿಡಿದವನು ಕ್ಯಾಲಿಫೋರ್ನಿಯಾದ ಎಡ್ ಹೆಡ್ರಿಕ್, 1970ರ ದಶಕದಲ್ಲಿ. ಅದಕ್ಕೂ ಮುಂಚೆ ಜನ ಮರಕ್ಕೆ, ಕಂಬಕ್ಕೆ, ಕಸದ ಡಬ್ಬಕ್ಕೆ ಗುರಿಯಿಡುತ್ತಿದ್ದರು. ಹಾಗಾಗಿ ನಾವು ಆಡಿದ್ದು ಬುಟ್ಟಿಪೂರ್ವ ಕಾಲದ ಆಟ. ಈ ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ, ಅವನ ಇಷ್ಟದಂತೆ ಬೂದಿಯನ್ನು ಬೆರೆಸಿ ಡಿಸ್ಕುಗಳನ್ನೇ ಮಾಡಿದರು. ನಾವು ಶ್ರೀರಂಗಪಟ್ಟಣಕ್ಕೆ ಹೋಗಿ ನೀರಿಗೆ ಬಿಡುತ್ತೇವೆ. ಆತ ಗಾಳಿಗೆ ಬಿಡಿಸಿಕೊಂಡ.

ಮೊದಲ ಎಸೆತಕ್ಕೇ ಕಾವಲುಗಾರ ಬಂದ.

"ಸಾರ್, ಇಲ್ಲಿ ಬಾಲ್ ಆಡಂಗಿಲ್ಲ."

"ಇದು ಬಾಲ್ ಅಲ್ಲಪ್ಪ, ತಟ್ಟೆ."

ಅವನು ಬೋರ್ಡನ್ನು ಮೇಲಿಂದ ಕೆಳಗೆ ಓದಿದ. ಕ್ರಿಕೆಟ್ ಇತ್ತು, ಫುಟ್‌ಬಾಲ್ ಇತ್ತು, ಶಟಲ್ ಕೂಡ ಇತ್ತು. ತಟ್ಟೆ ಇರಲಿಲ್ಲ. "ವಾಕಿಂಗ್‌ನೋರಿಗೆ ತಗಲಿಸ್ಬೇಡಿ" ಎಂದು ಹೋದ. ಅದು ಈ ಆಟದ ಮೊದಲ ನಿಯಮವೂ ಹೌದು: ದಾರಿಯಲ್ಲಿ ಜನ ಇದ್ದರೆ ಕೈ ಕೆಳಗೆ.

ನಾನು ತೋಳಿನ ಬಲವನ್ನೆಲ್ಲ ಹಾಕಿದೆ. "ಜೋರಾಗಿ ಬೇಡ ಮಾವ, ಮಟ್ಟಸವಾಗಿ ಬಿಡಿ" ಎಂದ ಹುಡುಗ. ಬಲಗೈಯವರು ಎದೆಗಡೆಯಿಂದ ಬೀಸಿದ ಡಿಸ್ಕು ವೇಗ ಇಳಿಯುತ್ತಿದ್ದಂತೆ ಎಡಕ್ಕೆ ವಾಲುತ್ತದೆ. ನನ್ನದಂತೂ ಹೊರಟ ಕೂಡಲೇ, ಇಂಡಿಕೇಟರ್ ಹಾಕದ ಆಟೋದ ಹಾಗೆ, ಎಡಕ್ಕೆ ಹೊರಳಿ ಬಿದಿರಮೆಳೆಗೆ ನುಗ್ಗಿತು. ಬಿದ್ದಲ್ಲಿಂದಲೇ ಮುಂದಿನ ಎಸೆತ. ಹನ್ನೆರಡು ವರ್ಷದಿಂದ ಅದೇ ಪಾರ್ಕಿನಲ್ಲಿ ಸುತ್ತು ಎಣಿಸಿಕೊಂಡು ನಡೆದವನು ನಾನು. ಕಲ್ಲುಹಾಸು ಬಿಟ್ಟು ಕಾಲಿಟ್ಟವನಲ್ಲ. ಅವತ್ತು ಬಿದಿರಮೆಳೆಯ ಹಿಂದೆ ಒಂದು ಹಳೆಯ ಬಾವಿಕಟ್ಟೆ ಸಿಕ್ಕಿತು. ನೇರಳೆ ಮರವೂ ಸಿಕ್ಕಿತು, ಅಂಗಿಗೆ ಅದರ ಕಲೆ ಇನ್ನೂ ಇದೆ. ಮಳೆಮರಕ್ಕೆ ನಾಲ್ಕು ಸಲ ಹೊಡೆದೆ, ಗುರಿ ಪಕ್ಕದ ಸಂಪಿಗೆಯಾಗಿದ್ದರೂ. ಮೂರು ಎಸೆತದಲ್ಲಿ ಮುಗಿಸಬೇಕಾದ್ದಕ್ಕೆ ನನಗೆ ಏಳು, ಎಂಟು, ಒಂದು ಕಡೆ ಹನ್ನೊಂದು. ಹುಡುಗ ಮರ್ಯಾದೆಯಿಂದ ಗಟ್ಟಿಯಾಗಿ ಎಣಿಸಲಿಲ್ಲ.

ಆರನೆಯ ಮರದ ಹತ್ತಿರ ಕಿತ್ತಳೆ ಬಣ್ಣದ ಡಿಸ್ಕು ಹೊಂಗೆಯ ಕೊಂಬೆಯಲ್ಲಿ ಕೂತುಬಿಟ್ಟಿತು. ಮಾಲಿ ದೋಟಿ ತಂದು ಅಲ್ಲಾಡಿಸಿದ. ಒಂದು ಹರಿದ ಗಾಳಿಪಟ ಬಿತ್ತು, ಎರಡು ಶಟಲ್ ಕಾಕು ಬಿದ್ದವು, ಇರುವೆಗಳು ಬಿದ್ದವು. ಡಿಸ್ಕು ಬೀಳಲಿಲ್ಲ.

ಹುಡುಗ ವಾಪಸು ಹೋಗಿ ತಿಂಗಳಾಯಿತು. ಮೇಲೆ ಸಿಕ್ಕಿಕೊಂಡರೆ ಅದರ ನೇರ ಕೆಳಗೆ ನಿಂತು ಆಡಬೇಕೆಂಬುದು ನಿಯಮ. ದಿನಾ ಬೆಳಿಗ್ಗೆ ಅಲ್ಲಿ ಒಂದು ನಿಮಿಷ ನಿಂತು ತಲೆಯೆತ್ತಿ ನೋಡುತ್ತೇನೆ. ನನ್ನ ಹತ್ತನೆಯ ಎಸೆತ ಇನ್ನೂ ಬಾಕಿ ಇದೆ.