ನಮ್ಮ ಬದಿಯಡ್ಕದ ಅಜ್ಜಿಗೆ ಮೂರು ಭಾಷೆ

ಎರಡು ಭಾಷೆ ಆಡುವವರ ಮಿದುಳಲ್ಲಿ ಎರಡೂ ಸದಾ ಎಚ್ಚರವಾಗಿರುತ್ತವೆ, ಬೇಡದ್ದನ್ನು ಮಿದುಳು ತಡೆಹಿಡಿಯುತ್ತಿರುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಓದುತ್ತಾ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಅಜ್ಜಿ ಕಣ್ಣ ಮುಂದೆ ಬಂದರು. ಅಂಗಳದಲ್ಲಿ ಅಡಿಕೆ ಸುಲಿಯುವವರ ಜೊತೆ ತುಳು, ಮೀನಿನವರ ಹತ್ತಿರ ಚೌಕಾಸಿಗೆ ಮಲಯಾಳ, ಅದೇ ಉಸಿರಿಗೆ ನನಗೆ ಕನ್ನಡದಲ್ಲಿ, "ಒಳಗಿಂದ ಚಿಲ್ಲರೆ ತಾ ಮಗಾ". ಒಮ್ಮೆಯೂ ತಡವರಿಸಿದ್ದಿಲ್ಲ. ಶಾಲೆ ಮೆಟ್ಟಿಲು ಹತ್ತಿದವರೂ ಅಲ್ಲ.

ಹೈದರಾಬಾದಿನಲ್ಲಿ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ (ಮರೆವಿನ ಕಾಯಿಲೆ) ರೋಗಿಗಳ ವಿವರ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಆ ಲೇಖನದಲ್ಲಿ ಸೇರಿಸಬೇಕಿತ್ತು. ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆಯವರಲ್ಲಿ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು, ಅದೇ ನನಗೆ ದೊಡ್ಡ ವಿಷಯ. ಮೂರನೇ ಭಾಷೆಯಿಂದ ಜಾಸ್ತಿ ಲಾಭವೇನೂ ಕಾಣಲಿಲ್ಲವಂತೆ, ಇರಲಿ.

ನನ್ನ ಮಗಳ ಟೀಚರ್ ಒಬ್ಬರು "ಮನೆಯಲ್ಲಿ ಒಂದೇ ಭಾಷೆ ಆಡಿ, ಮಗುವಿಗೆ ಗೊಂದಲ ಆಗ್ತದೆ" ಎಂದಿದ್ದರು. ಆರು ತಿಂಗಳು ಸುಮ್ನೆ ಹೆದರಿ ತುಳು ನಿಲ್ಲಿಸಿದೆವು. ಈಗ ಅವಳಿಗೆ ಅಜ್ಜಿಯ ಅರ್ಧ ಮಾತು ಅರ್ಥವಾಗುವುದಿಲ್ಲ. ನಿನ್ನೆಯಿಂದ ಮತ್ತೆ ಶುರು ಮಾಡಿದ್ದೇವೆ.