ಜೀರ್ಣೋದ್ಧಾರ ಅಂದ್ರೆ ಗ್ರಾನೈಟ್ ಹಾಕಿಸೋದಾ?

ಮೊದಲ ಸಲ ನಾನು ಆ ಚರ್ಚಿನೊಳಗೆ ಹೋಗಿದ್ದು ಭಕ್ತಿಯಿಂದ ಅಲ್ಲ. ಹೊರಗೆ ಜೋರು ಮಳೆ, ಟಾಯ್ಲೆಟ್ ಬೇರೆ ಅರ್ಜೆಂಟು. ಪ್ರಾಜೆಕ್ಟ್ ಮೇಲೆ ಎರಡು ವರ್ಷ ಲಂಡನ್ನಿನಲ್ಲಿದ್ದಾಗಿನ ಮಾತು. ಟ್ರಫಾಲ್ಗರ್ ಚೌಕದ ಮೂಲೆಯಲ್ಲೇ ಇದೆ, ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್. ಹೆಸರಲ್ಲಿ ಹೊಲ ಇದೆ, ಸುತ್ತ ನೋಡಿದರೆ ಬಸ್ಸು, ಟ್ಯಾಕ್ಸಿ, ಪಾರಿವಾಳ. ನಮ್ಮ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಆದ ಹಾಗೆ.

ಕೆಳಗೆ ನೆಲಮಾಳಿಗೆಯಲ್ಲಿ ಕ್ಯಾಂಟೀನು. ಇಟ್ಟಿಗೆಯ ಕಮಾನುಗಳು, ಒಳಗೆ ಬೆಚ್ಚಗಿತ್ತು. ಸೂಪಿನ ಬಟ್ಟಲು ಹಿಡಿದು ಕೂತು ಕಾಲ ಕೆಳಗೆ ನೋಡುತ್ತೇನೆ, ನೆಲದಲ್ಲಿ ಅಕ್ಷರ. ಸವೆದ ಹೆಸರು, ಇಸವಿ. ಹಾಸಿದ್ದು ಗೋರಿಕಲ್ಲು! ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. “ಅಯ್ಯೋ ಕರ್ಮವೇ, ಸಮಾಧಿ ಮೇಲೆ ಕೂತು ಉಂಡ್ಯೇನೋ? ಮೊದ್ಲು ತಲೆಗೆ ನೀರು ಹಾಕ್ಕೋ” ಅಂದಳು. ಹಾಕಿಕೊಂಡೆ. ವಾರದೊಳಗೆ ಮತ್ತೆ ಅಲ್ಲೇ ಹೋಗಿ ಉಂಡೆ.

ಈಗಿರುವ ಕಟ್ಟಡ 1726ರಲ್ಲಿ ಮುಗಿದಿದ್ದು, ಜೇಮ್ಸ್ ಗಿಬ್ಸ್ ಎಂಬ ವಾಸ್ತುಶಿಲ್ಪಿಯ ಕೆಲಸ. ಎದುರಿಗೆ ದಪ್ಪ ಕಂಬಗಳ ಸಾಲು, ಮೇಲೆ ಚೂಪು ಗೋಪುರ. ನೋಡೋಕೆ ಚೆನ್ನಾಗಿದೆ, ಸರಿ. ಆದರೆ ನನ್ನ ತಲೆಯಲ್ಲಿ ಉಳಿದಿದ್ದು ಡಿಕ್ ಶೆಪರ್ಡ್ ಎಂಬ ಪಾದ್ರಿ. 1914ರಲ್ಲಿ, ಮೊದಲ ಮಹಾಯುದ್ಧ ಶುರುವಾದ ವರ್ಷವೇ ಬಂದವರು. ಪಕ್ಕದ ಚಾರಿಂಗ್ ಕ್ರಾಸ್ ಸ್ಟೇಷನ್ನಿನಿಂದ ಸೈನಿಕರು ಫ್ರಾನ್ಸಿಗೆ ರೈಲು ಹತ್ತುತ್ತಿದ್ದರು. ಆಸರೆ ಬೇಕಾದವರು ಬರಲಿ ಅಂತ ಅವರು ಚರ್ಚಿನ ಬಾಗಿಲು ತೆರೆದೇ ಇಟ್ಟರು. ಆಮೇಲೆ ಮನೆ ಇಲ್ಲದವರೂ ಆ ನೆಲಮಾಳಿಗೆಗೆ ಬಂದು ಮಲಗತೊಡಗಿದರು. ಅಲ್ಲಿಂದ ಮುಂದೆ ಆ ಚರ್ಚಿಗೆ ಅದೇ ಗುರುತು. ಮನೆಯಿಲ್ಲದವರಿಗಾಗಿ ದುಡಿಯುವ ‘ಶೆಲ್ಟರ್’ ಸಂಸ್ಥೆ 1966ರ ಡಿಸೆಂಬರಿನಲ್ಲಿ ಶುರುವಾಗಿದ್ದೂ ಇಲ್ಲೇ.

ಮುನ್ನೂರು ವರ್ಷದ ಹತ್ತಿರದ ಕಟ್ಟಡ ಅಂದ ಮೇಲೆ ರಿಪೇರಿ ಇದ್ದೇ ಇರುತ್ತದೆ. 2006ರಿಂದ 2008ರವರೆಗೆ ದೊಡ್ಡ ಜೀರ್ಣೋದ್ಧಾರ ನಡೆಯಿತು. ಖರ್ಚು ಸುಮಾರು 3 ಕೋಟಿ 60 ಲಕ್ಷ ಪೌಂಡ್. ಮೇಲೆ ಪ್ರಾರ್ಥನೆಯ ಜಾಗವನ್ನು ಸರಿಮಾಡಿದರು, ನಿಜ. ಆದರೆ ನಾನು ಬೆರಗಾಗಿದ್ದು ಎಲ್ಲಿ ಅಂದರೆ, ದುಡ್ಡಿನ ದೊಡ್ಡ ಪಾಲು ಯಾರ ಕಣ್ಣಿಗೂ ಬೀಳದ ಕಡೆ ಹೋಗಿದೆ. ನೆಲದಡಿಗೆ! ಅಗೆದು, ಹೊಸ ಕೋಣೆ ಮಾಡಿ, ಮೇಲಿನಿಂದ ಬೆಳಕು ಇಳಿಯುವ ಹಾಗೆ ಬಾವಿಯಂಥ ತೆರವು ಬಿಟ್ಟರು. ಮನೆಯಿಲ್ಲದವರ ಕೆಲಸಕ್ಕೆ ಜಾಗ, ಅಲ್ಲಿ ಸೇರುವ ಚೀನೀ ಸಮುದಾಯದವರಿಗೆ ಜಾಗ. ಅಗೆಯುವಾಗ ರೋಮನ್ನರ ಕಾಲದ ಕಲ್ಲಿನ ಶವಪೆಟ್ಟಿಗೆಯೂ ಸಿಕ್ಕಿತಂತೆ. ಬೀದಿಯಿಂದ ನೋಡಿದರೆ ಇಷ್ಟೆಲ್ಲಾ ಆಗಿದೆ ಅಂತ ಗೊತ್ತೇ ಆಗಲ್ಲ.

ಮೇಲೆ ಕಣ್ಣಿಗೆ ಬೀಳುವ ಹೊಸತು ಒಂದಿದೆ, ಪೂರ್ವದ ಕಿಟಕಿ. ಹಳೆಯದು ಎರಡನೇ ಮಹಾಯುದ್ಧದ ಬಾಂಬಿಗೆ ಹೋಗಿತ್ತು. ಈಗಿನದನ್ನು ಮಾಡಿದವರು ಇರಾನಿನಲ್ಲಿ ಹುಟ್ಟಿದ ಶಿರಾಜೆ ಹುಶಿಯಾರಿ. ಬಣ್ಣ ಇಲ್ಲ, ಸಂತರ ಚಿತ್ರ ಇಲ್ಲ. ಬಿಳಿ ಗಾಜು, ಲೋಹದ ಗೆರೆಗಳು. ನೇರ ಬರುವ ಗೆರೆಗಳು ನಡುವೆ ಬಂದಾಗ ಬಾಗುತ್ತವೆ. ನೀರಿನಲ್ಲಿ ಶಿಲುಬೆಯ ನೆರಳು ಅಲುಗಿದ ಹಾಗೆ.

ಈಗ ನಮ್ಮೂರಿನ ಸುದ್ದಿ. ಊರಿನ ಹೆಸರು ಬೇಡ, ನೆಂಟರು ಇಲ್ಲಿ ಓದುತ್ತಾರೆ. ಐದಾರು ವರ್ಷದ ಹಿಂದೆ ನಮ್ಮ ದೇವಸ್ಥಾನವೂ ಜೀರ್ಣೋದ್ಧಾರ ಆಯಿತು. ಕಲ್ಲಿನ ಕಂಬಗಳಿಗೆ ಮಿರಮಿರ ಆಯಿಲ್ ಪೇಂಟು. ಹಾಸುಗಲ್ಲು ಕಿತ್ತು ಗ್ರಾನೈಟು. ಮಳೆಗಾಲದಲ್ಲಿ ಒದ್ದೆ ಕಾಲಲ್ಲಿ ಒಳಗೆ ಹೋದರೆ ನೇರ ಸಾಷ್ಟಾಂಗ. ದಾನಿಗಳ ಹೆಸರು ಕಲ್ಲಿನ ಮೇಲೆ, ಗಂಟೆಯ ಮೇಲೆ, ಫ್ಯಾನಿನ ರೆಕ್ಕೆ ಮೇಲೆ, ಕೊನೆಗೆ ಟ್ಯೂಬ್‌ಲೈಟಿನ ಪಟ್ಟಿ ಮೇಲೂ. ಇದನ್ನೆಲ್ಲ ಸಹಿಸಿಕೊಳ್ಳಬಹುದು. ಆದರೆ ಜಗಲಿಗೆ ಕಬ್ಬಿಣದ ಗ್ರಿಲ್ ಹಾಕಿ ಬೀಗ ಜಡಿದರು. ಸಂಜೆ ಹೊತ್ತು ಊರಿನ ಮುದುಕರು ಕೂರುತ್ತಿದ್ದದ್ದು ಅಲ್ಲೇ. ಸಂತೆಗೆ ಬಂದವರು ಬುತ್ತಿ ಬಿಚ್ಚುತ್ತಿದ್ದದ್ದೂ ಅಲ್ಲೇ. ಯಾಕೆ ಅಂದರೆ “ಗಲೀಜು ಮಾಡ್ತಾರೆ, ಮಾರ್ಬಲ್ ಹಾಳಾಗತ್ತೆ” ಅಂದರು. ಅದು ಮಾರ್ಬಲ್ ಅಲ್ಲ, ಗ್ರಾನೈಟು ಅಂತ ಹೇಳೋಣ ಅನ್ನಿಸಿತು, ಸುಮ್ನಾದೆ.

ಅಲ್ಲಿನವರು ದೊಡ್ಡವರು, ನಾವು ಸಣ್ಣವರು ಅನ್ನೋ ಮಾತಲ್ಲ ಇದು. ಬಂದವರಿಗೆ ಅನ್ನ ಹಾಕುವುದನ್ನು ಸಿದ್ಧಗಂಗೆಗೋ ಧರ್ಮಸ್ಥಳಕ್ಕೋ ಯಾರೂ ಕಲಿಸಬೇಕಿಲ್ಲ. ಸೇಂಟ್ ಮಾರ್ಟಿನ್ನಿನಲ್ಲೂ ಎಲ್ಲ ಸಲೀಸಾಗಿಲ್ಲ. ಕ್ಯಾಂಟೀನು, ಸಂಗೀತ ಕಛೇರಿ, ಅಂಗಡಿ, ಇವುಗಳ ದುಡಿಮೆಯೂ ಅವರಿಗೆ ಬೇಕೇ ಬೇಕು. ಕೊರೋನಾ ಬಂದಾಗ ಅದು ನಿಂತುಹೋಗಿ ಕೆಲಸದವರನ್ನು ತೆಗೆಯಬೇಕಾಯಿತು. ಪ್ರವಾಸಿಗರಿಗೆ ಊಟ ಮಾರಿ ಹಸಿದವರ ಹೊಟ್ಟೆ ನೋಡುವುದು ಹಗ್ಗದ ಮೇಲಿನ ನಡಿಗೆ. ಆದರೂ ಯೋಜನೆ ಮಾಡುವಾಗ ‘ಇಲ್ಲಿ ಯಾರು ಬಂದು ಕೂರುತ್ತಾರೆ’ ಅಂತ ಯಾರೋ ಕೇಳಿದ್ದಾರೆ. ನಮ್ಮ ಮೀಟಿಂಗಿನಲ್ಲಿ ಅದನ್ನು ಬಿಟ್ಟು ಎಲ್ಲಾ ಕೇಳಿದ್ದೆವು. ಕಂಬದ ಬಣ್ಣಕ್ಕೆ ಒಂದೂವರೆ ಗಂಟೆ ಜಗಳ ಆಗಿತ್ತು.

ವಾಪಸ್ ಬರುವ ಮುಂಚಿನ ನವೆಂಬರಿನಲ್ಲಿ ಅಲ್ಲಿ ಒಂದು ಪ್ರಾರ್ಥನೆಗೆ ಹೋಗಿದ್ದೆ. ಲಂಡನ್ನಿನಲ್ಲಿ ಮನೆಯಿಲ್ಲದೆ ಸತ್ತವರಿಗಾಗಿ ವರ್ಷಕ್ಕೊಮ್ಮೆ ನಡೆಯುತ್ತದೆ. ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ, ಅಷ್ಟೇ. ಕೆಲವರಿಗೆ ಪೂರ್ತಿ ಹೆಸರೂ ಇಲ್ಲ. ನನ್ನ ಪಕ್ಕ ಕೂತವನ ಶೂ ಬಾಯಿ ಬಿಟ್ಟಿತ್ತು, ಕಾಲ ಬಳಿ ಸುತ್ತಿದ ಹಾಸಿಗೆ. ಒಂದು ಹೆಸರು ಬಂದಾಗ ಟೋಪಿ ತೆಗೆದು ತೊಡೆ ಮೇಲಿಟ್ಟುಕೊಂಡ. ಓದುವುದು ಮುಗಿಯುವವರೆಗೂ ಹಾಕಿಕೊಳ್ಳಲಿಲ್ಲ. ಎದ್ದು ಹೊರಗೆ ಹೋಗು ಅಂತ ಅವನಿಗೆ ಯಾರೂ ಹೇಳಲಿಲ್ಲ.

ಕಳೆದ ತಿಂಗಳು ಊರಿನ ಕಮಿಟಿಯಿಂದ ಫೋನ್ ಬಂತು. ಎರಡನೇ ಹಂತವಂತೆ, ಗೋಪುರಕ್ಕೆ ಬಣ್ಣ, ಮಹಾದ್ವಾರ. “ನಿಮ್ಮ ಹೆಸರಲ್ಲಿ ಎಷ್ಟು ಬರ್ಕೊಳ್ಳಲಿ ಸಾರ್?” ಅಂದರು. ಜಗಲಿಯ ಗ್ರಿಲ್ ತೆಗೆಸಿ, ಬಿಚ್ಚಿಸುವ ಕೂಲಿಯೂ ನಂದೇ, ಆಮೇಲೆ ಮಿಕ್ಕಿದ್ದು ಮಾತಾಡೋಣ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಮೀಟಿಂಗಿನಲ್ಲಿ ಇಡ್ತೀವಿ ಸಾರ್ ಅಂದರು. ವಾಟ್ಸಾಪ್ ಗ್ರೂಪಿನ ದಾನಿಗಳ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಈಗಲೂ ‘ಬಾಕಿ’ ಅಂತಲೇ ಇದೆ.