ಯಾವಾಗ ನಿಲ್ಲಿಸಬೇಕು ಅಂತ ಯಾರೂ ಹೇಳಲಿಲ್ಲ

ಸ್ಟೀಲ್ ಡಬ್ಬಿಯ ಮುಚ್ಚಳ ಬೋರಲು ಹಾಕಿ, ಅದರ ಮೇಲೆ ಒಂದು ಪುಟ್ಟ ಮಾತ್ರೆ ಇಟ್ಟು, ಹೊಸ ಬ್ಲೇಡಿನಿಂದ ಸಮನಾಗಿ ನಾಲ್ಕು ಚೂರು ಮಾಡೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಒಂದು ಚೂರು ಸಿಡಿದು ನೆಲಕ್ಕೆ ಬಿದ್ದರೆ ಮೊಬೈಲ್ ಟಾರ್ಚ್ ಹಾಕಿಕೊಂಡು ಮಂಚದ ಕೆಳಗೆಲ್ಲ ಹುಡುಕುತ್ತಿದ್ದೆ. 2023ರ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ನನ್ನ ರಾತ್ರಿಗಳು ಶುರುವಾಗುತ್ತಿದ್ದುದು ಹೀಗೆ. ಸುಮಾರು ಏಳು ವರ್ಷ ನುಂಗಿದ ನಿದ್ದೆ ಮಾತ್ರೆಯನ್ನು ಚೂರು ಚೂರಾಗಿ ಬಿಟ್ಟೆ. ಇದನ್ನ ಇಲ್ಲಿ ಬರೆಯೋಕೆ ಎರಡು ವರ್ಷ ಹಿಂದೆಮುಂದೆ ನೋಡಿದ್ದೀನಿ. ಹೋದ ವಾರ ಸ್ಟಾಫ್ ರೂಮಿನಲ್ಲಿ ಜೊತೆಯ ಟೀಚರ್ ಒಬ್ಬರು ಪರ್ಸಿನಿಂದ ಬೀಗದ ಕೈ ತೆಗೆಯುವಾಗ ಅದೇ ಮಾತ್ರೆಯ ಶೀಟು ಜಾರಿ ಬಿತ್ತು. ಅವರು ಅದನ್ನ ಸರಕ್ಕನೆ ಮುಚ್ಚಿಟ್ಟುಕೊಂಡ ರೀತಿ ನೋಡಿ ಬರೀಲೇಬೇಕು ಅನ್ನಿಸಿತು. ನಾನೂ ಹಾಗೇ ಮುಚ್ಚಿಡುತ್ತಿದ್ದೆ.

2016ರಲ್ಲಿ ನಮ್ಮ ಮನೆಯವರಿಗೆ ಬೈಪಾಸ್ ಆಯಿತು. ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ ಕುರ್ಚಿ ಮೇಲೆ ಕೂತೇ ಕಳೆದೆ. ಮನೆಗೆ ಬಂದ ಮೇಲೂ ನನ್ನ ಕಿವಿ ಇವರ ಉಸಿರಿನ ಮೇಲೇ ಇತ್ತು. ಗೊರಕೆ ಕೇಳಿಸಿದರೆ ಸಮಾಧಾನ. ಗೊರಕೆ ನಿಂತರೆ ಎದ್ದು ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಮೂರು ತಿಂಗಳಲ್ಲಿ ಇವರು ಗುಣವಾಗಿ ವಾಕಿಂಗ್ ಶುರು ಮಾಡಿದರು. ನನ್ನ ನಿದ್ದೆ ಮಾತ್ರ ವಾಪಸ್ ಬರಲಿಲ್ಲ. ತಿಪಟೂರಿನಲ್ಲಿ ನಮ್ಮ ಮನೆ ರೈಲು ಹಳಿಗೆ ಹತ್ತಿರ. ಮದುವೆಯಾಗಿ ಬಂದಾಗಿಂದ ಆ ಸದ್ದಿನಲ್ಲೇ ಮಲಗಿದವಳು ನಾನು. ಆಮೇಲೆ ಒಂದೊಂದು ಗೂಡ್ಸ್ ಗಾಡಿಯನ್ನೂ ಎಣಿಸತೊಡಗಿದೆ.

ಆಗೆಲ್ಲ ಜನ ಹೇಳುತ್ತಿದ್ದ ಒಂದೇ ಮಾತು, 'ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ'. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ನಿದ್ದೆಗೆಟ್ಟವರಿಗೆ ದಯವಿಟ್ಟು ಈ ಗಾದೆ ಹೇಳಬೇಡಿ. ಚಿಂತೆಯಿಂದ ನಿದ್ದೆ ಹೋಗುತ್ತದೆ, ನಿಜ. ಆದರೆ ಚಿಂತೆ ಕಳೆದ ಮೇಲೂ ನಿದ್ದೆ ಬಾರದೆ ಇರಬಹುದು. ವಾರದಲ್ಲಿ ಮೂರು ರಾತ್ರಿಗಿಂತ ಕಡಿಮೆ ಇಲ್ಲದಂತೆ, ಮೂರು ತಿಂಗಳು ಹೀಗೇ ಆದರೆ ಡಾಕ್ಟರುಗಳೇ ಅದನ್ನ ಒಂದು ಬೇರೆ ಕಾಯಿಲೆ ಅಂತ ಎಣಿಸುತ್ತಾರೆ. ನನಗೆ ಆ ಹೊತ್ತಿಗೆ ಐದು ತಿಂಗಳಾಗಿತ್ತು. ಇವರ ಹಾರ್ಟಿನ ಭಯ ಹೋಗಿತ್ತು. ಅದರ ಜಾಗಕ್ಕೆ ರಾತ್ರಿಯ ಭಯವೇ ಬಂದು ಕೂತಿತ್ತು. ಸಂಜೆ ಆರಕ್ಕೆ ದೀಪ ಹಚ್ಚುವಾಗಲೇ 'ಇವತ್ತೂ ಬರಲ್ವೇನೋ' ಅಂತ ಎದೆ ಹೊಡೆದುಕೊಳ್ಳುತ್ತಿತ್ತು.

ಊರಿನ ಡಾಕ್ಟರ್ ಒಬ್ಬರು ಆಲ್ಪ್ರಜೋಲಮ್ ಅನ್ನುವ ಮಾತ್ರೆ, 0.25 ಮಿಲಿಗ್ರಾಂನದು, ಬರೆದುಕೊಟ್ಟರು. ಹತ್ತು ದಿನಕ್ಕೆ. ಮೊದಲನೇ ರಾತ್ರಿ ಗಡದ್ದಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಕಣ್ಣಲ್ಲಿ ನೀರು ಬಂದಿತ್ತು, ಅಷ್ಟು ಹಿತವಾಗಿತ್ತು. ಆ ಮಾತ್ರೆಯನ್ನ ನಾನು ಇವತ್ತಿಗೂ ಬೈಯುವುದಿಲ್ಲ. ಮುಳುಗುತ್ತಿದ್ದವಳಿಗೆ ಅದು ಆಸರೆಯೇ ಆಗಿತ್ತು. ನನ್ನ ಬೇಸರ ಇರೋದು ಹನ್ನೊಂದನೇ ದಿನದ ಬಗ್ಗೆ. ಅವತ್ತು ನಾನು ಅದೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದೆ. ಇನ್ನೊಂದು ಶೀಟು ಕೊಟ್ಟರು. ಅದಾದ ಮೇಲೆ ಚೀಟಿಯನ್ನೂ ಕೇಳಲಿಲ್ಲ. ನಾನು ಮೆಟ್ಟಿಲು ಹತ್ತುವಾಗಲೇ ಅಂಗಡಿಯ ಹುಡುಗ ಡ್ರಾಯರ್ ಎಳೆಯುತ್ತಿದ್ದ.

ಒಂದು ವರ್ಷಕ್ಕೆ 0.25 ಸಾಲದಾಯಿತು. 0.5ಕ್ಕೆ ಬಂದೆ.

ಯಾಕೆ ಸಾಲದಾಯಿತು ಅಂತ ಆಮೇಲೆ ತಿಳೀತು. ನಮ್ಮ ಮೆದುಳಿನಲ್ಲಿ ಗಾಬಾ ಅನ್ನುವ ಒಂದು ರಾಸಾಯನಿಕ ಇದೆ. ಗಾಡಿಗೆ ಬ್ರೇಕ್ ಇದ್ದ ಹಾಗೆ. ಈ ಮಾತ್ರೆ ಆ ಬ್ರೇಕನ್ನ ಇನ್ನಷ್ಟು ಒತ್ತಿ ಹಿಡಿಯುತ್ತದೆ. ದಿನಾ ಹೊರಗಿನಿಂದ ಯಾರೋ ಒತ್ತುತ್ತಿದ್ದರೆ ಮೆದುಳು ತನ್ನ ಬ್ರೇಕನ್ನ ತಾನೇ ಸಡಿಲ ಮಾಡಿಕೊಳ್ಳುತ್ತದೆ. ಆಗ ಅಷ್ಟೇ ನಿದ್ದೆಗೆ ಹೆಚ್ಚು ಮಾತ್ರೆ ಬೇಕು. ಮಾತ್ರೆ ತಪ್ಪಿದರೆ ಗಾಡಿಗೆ ಬ್ರೇಕೇ ಇಲ್ಲ. ಜೊತೆಗೆ ಅದು ಕೊಡುವ ನಿದ್ದೆಯಲ್ಲಿ ಮೈಮನಸ್ಸಿಗೆ ಬೇಕಾದ ಆಳದ ನಿದ್ದೆಯೂ ಕಡಿಮೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಇಪ್ಪತ್ತು ವರ್ಷದಿಂದ ಬಾಯಲ್ಲಿದ್ದ ಪದ್ಯದ ಸಾಲು ಬೆಳಗಿನ ಮೊದಲ ಪೀರಿಯಡ್‌ನಲ್ಲಿ ನಾಲಿಗೆ ತುದಿಗೆ ಬಂದು ನಿಂತುಬಿಡುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯ ಹೆಸರು ಮರೆತು 'ನೀನು, ನೀನು' ಅಂತ ಬೆರಳು ತೋರಿಸುತ್ತಿದ್ದೆ. ವಯಸ್ಸಾಯಿತು ಅಂದುಕೊಂಡೆ. ಆಗ ನನಗೆ ನಲವತ್ತೊಂಬತ್ತು. ಆಲ್ಪ್ರಜೋಲಮ್ ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು ಹನ್ನೊಂದು ಗಂಟೆ ಬೇಕಂತೆ. ರಾತ್ರಿ ಹತ್ತಕ್ಕೆ ನುಂಗಿದ್ದು ಬೆಳಿಗ್ಗೆ ಒಂಬತ್ತಕ್ಕೂ ಅರ್ಧ ಉಳಿದಿರುತ್ತಿತ್ತು. ಆ ಮಂಪರಿನಲ್ಲೇ ಹಾಜರಿ ಕೂಗುತ್ತಿದ್ದೆ.

ಈಗ ಹೇಳೋದು ಹೇಳಲಿಕ್ಕೆ ಕಷ್ಟವಾದ ವಿಷಯ. 2020ರಲ್ಲಿ, ಎಲ್ಲ ಮನೆಯೊಳಗೇ ಇದ್ದ ದಿನಗಳಲ್ಲಿ, ನಮ್ಮ ಅತ್ತೆಗೆ ನಿದ್ದೆ ಬರುತ್ತಿರಲಿಲ್ಲ. ಅವರಿಗೆ ಎಪ್ಪತ್ತೆಂಟು. 'ನಂಗೂ ನಿನ್ ಮಾತ್ರೇಲಿ ಅರ್ಧ ಕೊಡಮ್ಮ' ಅಂದರು. ಕೊಟ್ಟೆ. ಮೂರನೇ ದಿನ ಬೆಳಗಿನ ಜಾವ ಬಚ್ಚಲಿಗೆ ಎದ್ದವರು ಹೊಸ್ತಿಲ ಹತ್ತಿರ ಬಿದ್ದರು. ಮಣಿಕಟ್ಟು ಮುರಿಯಿತು. ಸೊಂಟ ಉಳಿದಿದ್ದು ಪುಣ್ಯ. ವಯಸ್ಸಾದವರಿಗೆ ಈ ಜಾತಿಯ ಮಾತ್ರೆಗಳನ್ನ ಆದಷ್ಟು ಕೊಡಬಾರದು, ತೂರಾಡಿ ಬೀಳುತ್ತಾರೆ, ಮರೆವು ಜಾಸ್ತಿಯಾಗುತ್ತದೆ ಅಂತ ವೈದ್ಯರ ಪಟ್ಟಿಗಳಲ್ಲೇ ಇದೆ. ನನಗೆ ಗೊತ್ತಿರಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನ ನಾನು ಆರು ವಾರ ದಿಂಬಿನ ಮೇಲೆ ಇಟ್ಟು ಮಲಗಿಸಿದೆ. ಅತ್ತೆ ಒಂದು ದಿನವೂ ನನ್ನನ್ನ ಅನ್ನಲಿಲ್ಲ. ಒಂದು ಮನೆಯಲ್ಲಿ ಒಬ್ಬರಿಗೆ ಬರೆದ ಮಾತ್ರೆಯನ್ನ ಹಂಚಿಕೊಳ್ಳೋದು ನಮ್ಮಲ್ಲಿ ಎಷ್ಟು ಸಲೀಸು ಅಲ್ವಾ? ತಲೆನೋವಿನ ಮಾತ್ರೆ ಕೊಟ್ಟ ಹಾಗೆ ಕೊಟ್ಟುಬಿಡುತ್ತೇವೆ.

2022ರ ಡಿಸೆಂಬರ್. ಹುಬ್ಬಳ್ಳಿಯಲ್ಲಿ ನಾದಿನಿ ಮಗನ ಮದುವೆ. ಅವಸರದಲ್ಲಿ ಶೀಟು ಮನೆಯಲ್ಲೇ ಬಿಟ್ಟು ಹೋಗಿದ್ದೆ. ರಾತ್ರಿ ಒಂಬತ್ತಕ್ಕೆ ಗೊತ್ತಾಯಿತು. ಚೌಲ್ಟ್ರಿ ಎದುರಿನ ಮೆಡಿಕಲ್ ಶಾಪಿಗೆ ಓಡಿದೆ. ಅಂಗಡಿಯವರು 'ಚೀಟಿ ಇಲ್ದ ಕೊಡಾಕ ಬರಂಗಿಲ್ರಿ ಅಕ್ಕಾರ' ಅಂದರು. ಬೇಡಿಕೊಂಡೆ. ಟೀಚರ್ ಅಂತ ಹೇಳಿಕೊಂಡೆ. ಅವರು ಒಪ್ಪಲಿಲ್ಲ. ನನಗೆ ಎಷ್ಟು ಸಿಟ್ಟು ಬಂತು ಅಂದರೆ ದಾರಿಯುದ್ದಕ್ಕೂ ಅವರನ್ನ ಶಪಿಸುತ್ತಾ ಬಂದೆ. ಅವರು ಮಾಡಿದ್ದು ಕಾನೂನಿನ ಪ್ರಕಾರವೇ. 2014ರ ಮಾರ್ಚ್‌ನಿಂದ ಆಲ್ಪ್ರಜೋಲಮ್, ಡಯಾಜೆಪಾಮ್, ಜೋಲ್ಪಿಡೆಮ್ ಎಲ್ಲ ಸರ್ಕಾರದ ಎಚ್1 ಅನ್ನುವ ಔಷಧ ಪಟ್ಟಿಯಲ್ಲಿವೆ. ಚೀಟಿ ನೋಡಿಯೇ ಕೊಡಬೇಕು. ಬರೆದ ಡಾಕ್ಟರ ಹೆಸರು, ತಗೊಂಡವರ ಹೆಸರು, ಎಷ್ಟು ಕೊಟ್ಟರು ಅನ್ನೋದನ್ನ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಮ್ಮೂರಲ್ಲಿ ಆರು ವರ್ಷ ನನಗೆ ಯಾರೂ 'ಇಲ್ಲ' ಅಂದಿರಲಿಲ್ಲ. ಆ ಹುಬ್ಬಳ್ಳಿಯ ಅಂಗಡಿಯವರೇ ನನ್ನ ಕಣ್ಣು ತೆರೆಸಿದ್ದು. ಎಲ್ಲಿದ್ದರೂ ಚೆನ್ನಾಗಿರಲಿ.

ಆ ಎರಡು ರಾತ್ರಿ ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ಎರಡನೇ ದಿನ ಧಾರೆ ಹೊತ್ತಿಗೆ ಕೈ ನಡುಗಿ ಅಕ್ಷತೆ ಚೆಲ್ಲಿದೆ. ಡಿಸೆಂಬರ್ ಚಳಿಯಲ್ಲೂ ರವಿಕೆ ಬೆವರಿ ಒದ್ದೆ. ಅಡುಗೆಯವರು ಹಂಡೆಯ ಮುಚ್ಚಳ ಇಟ್ಟರೆ ಆ ಸದ್ದು ತಲೆಯೊಳಗೇ ಬಡಿದ ಹಾಗೆ ಆಗುತ್ತಿತ್ತು. 'ನೋಡು, ಮಾತ್ರೆ ಇಲ್ಲದೆ ನನಗೆ ಬದುಕೋಕೇ ಆಗಲ್ಲ' ಅಂದುಕೊಂಡೆ. ಅದು ನನ್ನ ಕಾಯಿಲೆಯಲ್ಲ, ಮಾತ್ರೆ ತಪ್ಪಿದ್ದಕ್ಕೆ ಮೈ ಮಾಡುತ್ತಿದ್ದ ರಂಪ ಅಂತ ಆಗ ತಿಳಿಯಲಿಲ್ಲ.

ತುಮಕೂರಿನ ಮನೋವೈದ್ಯರ ಹತ್ತಿರ ಹೋಗೋಕೆ ಇನ್ನೂ ಎರಡು ತಿಂಗಳು ಹಿಡಿಯಿತು. ಗೊತ್ತಿರುವವರು ಯಾರಾದರೂ ನೋಡಿಬಿಟ್ಟರೆ ಅನ್ನುವ ಅಳುಕು. ಅವರು ಮೊದಲು ಹೇಳಿದ್ದನ್ನ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ವರ್ಷಗಟ್ಟಲೆ ತಗೊಂಡವರು ಇದನ್ನ ಒಮ್ಮೆಲೇ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ನನ್ನ ಈ ಬರಹ ಓದಿ ಯಾರೂ ಇವತ್ತು ರಾತ್ರಿ ಶೀಟನ್ನ ಕಸದ ಬುಟ್ಟಿಗೆ ಎಸೆಯಬೇಡಿ. ಕೈ ಮುಗಿದು ಕೇಳ್ತೀನಿ.

ಅವರು ನನ್ನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು.

'ಎಷ್ಟು ಗಂಟೆಗೆ ಮಲಗ್ತೀರಿ ಮೇಡಂ?'

'ಒಂಬತ್ತೂವರೆಗೆ. ಬೇಗ ಮಲಗಿದ್ರೆ ಸ್ವಲ್ಪನಾದ್ರೂ ಬರಬಹುದು ಅಂತ.'

'ಏಳೋದು?'

'ಆರೂವರೆ.'

'ಅದರಲ್ಲಿ ನಿದ್ದೆ ಎಷ್ಟು?'

'ಐದು ಗಂಟೆ ಇರಬಹುದು ಸರ್.'

'ಉಳಿದ ನಾಲ್ಕು ಗಂಟೆ?'

'ಒದ್ದಾಡ್ತೀನಿ.'

'ಹಾಸಿಗೆ ಅಂದ್ರೆ ಒದ್ದಾಡೋ ಜಾಗ ಅಂತ ನಿಮ್ಮ ಮೈ ಕಲಿತುಬಿಟ್ಟಿದೆ. ಅದನ್ನ ಮರೆಸಬೇಕು' ಅಂದರು.

ಎರಡು ಕೆಲಸ ಜೊತೆಜೊತೆಗೆ ನಡೆಯಿತು. ಒಂದು, ಮಾತ್ರೆ ಇಳಿಸೋದು. 0.25ರ ಮಾತ್ರೆಯ ಕಾಲು ಭಾಗದಷ್ಟು ಒಂದು ಸಲಕ್ಕೆ. ಹೀಗೆ ಎಂಟು ಮೆಟ್ಟಿಲು. ಒಂದೊಂದರಲ್ಲಿ ಕಡಿಮೆ ಅಂದರೆ ನಾಲ್ಕು ವಾರ ನಿಲ್ಲಬೇಕು. ಇದು ನನ್ನ ಲೆಕ್ಕ. ನಿಮ್ಮದನ್ನ ನಿಮ್ಮ ಡಾಕ್ಟರೇ ಹಾಕಬೇಕು. ಎರಡನೆಯದು, ನಿದ್ದೆಯ ತರಬೇತಿ. ಸಿಬಿಟಿ-ಐ ಅನ್ನುತ್ತಾರೆ. ಹಳೆಯ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ 2016ರಲ್ಲೇ ಅಮೆರಿಕದ ವೈದ್ಯರ ದೊಡ್ಡ ಸಂಘವೊಂದು ಹೇಳಿದೆ. ನಾನು ಮೊದಲ ಮಾತ್ರೆ ನುಂಗಿದ್ದೂ ಅದೇ ವರ್ಷ.

ಆ ತರಬೇತಿ ಕೇಳಿದರೆ ಉಲ್ಟಾ ಅನ್ನಿಸುತ್ತದೆ. ನಿದ್ದೆ ಇಲ್ಲದವಳಿಗೆ ಹಾಸಿಗೆಯ ಹೊತ್ತನ್ನೇ ಕಡಿಮೆ ಮಾಡಿದರು. ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಐದೂವರೆ, ಅಷ್ಟೇ. ಅದಕ್ಕೆ ಮೊದಲು ಹಾಸಿಗೆ ಮುಟ್ಟೋ ಹಾಗಿಲ್ಲ. ಹಗಲು ಒರಗೋ ಹಾಗಿಲ್ಲ. ರಾತ್ರಿ ಎಷ್ಟೇ ಕೆಟ್ಟದಾಗಿ ಹೋಗಲಿ, ಐದೂವರೆಗೆ ಏಳಲೇಬೇಕು. ಮಲಗಿ ಇಪ್ಪತ್ತು ನಿಮಿಷ ಆದ ಹಾಗೆ ಅನ್ನಿಸಿ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ಜೊಂಪು ಹತ್ತಿದ ಮೇಲೇ ವಾಪಸ್ ಬರಬೇಕು. ಹಾಸಿಗೆಯ ಮೇಲಿದ್ದ ಹೊತ್ತಿನಲ್ಲಿ ನೂರಕ್ಕೆ ಎಂಬತ್ತೈದು ಪಾಲು ನಿದ್ದೆ ಅಂತ ಒಂದು ವಾರ ಲೆಕ್ಕ ಸಿಕ್ಕಿದರೆ ಕಾಲು ಗಂಟೆ ಸೇರಿಸಿ ಕೊಡುತ್ತಿದ್ದರು. ಸಂಬಳದ ಇನ್‌ಕ್ರಿಮೆಂಟ್ ಬಂದಾಗಲೂ ನಾನು ಅಷ್ಟು ಖುಷಿಪಟ್ಟಿಲ್ಲ. (ಫಿಟ್ಸ್ ಇರುವವರು, ಗಾಡಿ ಓಡಿಸುವ ಕೆಲಸದವರು ಡಾಕ್ಟರನ್ನ ಕೇಳದೆ ಇದನ್ನ ಮಾಡಬಾರದು. ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ತುಂಬಾ.) ಗೋಡೆ ಗಡಿಯಾರವನ್ನ ಇವರು ಇಳಿಸಿ ಅಟ್ಟಕ್ಕೆ ಹಾಕಿದರು. ಮಧ್ಯಾಹ್ನ ಎರಡರ ಮೇಲೆ ಕಾಫಿ ಬಿಟ್ಟೆ.

ಎದ್ದು ಏನು ಮಾಡೋದು? ಮೊಬೈಲ್, ಟೀವಿ ಬೇಡ, ಮಂದ ಬೆಳಕಿನಲ್ಲಿ ಕೈಗೆ ಮಾತ್ರ ಕೆಲಸ ಇರಲಿ ಅಂದಿದ್ದರು. ಅದು ಅವರೆಕಾಯಿ ಕಾಲ. ರಾತ್ರಿ ಕಾಳು ನೆನೆಸಿಟ್ಟುಕೊಂಡು, ಎಚ್ಚರವಾದಾಗ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಹಿತುಕುತ್ತಿದ್ದೆ. ಬೆರಳಲ್ಲಿ ಒತ್ತಿದರೆ ಬೇಳೆ ಚಂಗನೆ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒಂದಾದ ಮೇಲೆ ಒಂದು. ಬೆಳಿಗ್ಗೆ ಇವರು ಎದ್ದು ಬಂದು ಮೊದಲು ಪಾತ್ರೆ ನೋಡುತ್ತಿದ್ದರು. ತುಂಬಾ ಬೇಳೆ ಇದ್ದರೆ ಮಾತಾಡದೆ ಅವರೇ ಕಾಫಿ ಮಾಡಿ ತಂದು ಕೊಡುತ್ತಿದ್ದರು. ಅವರೆ ಮುಗಿದ ಮೇಲೆ ಹುಣಸೆಹಣ್ಣಿನ ಬೀಜ ತೆಗೆದೆ. ಆಮೇಲೆ ಹೂಬತ್ತಿ. ಆ ವರ್ಷ ನಮ್ಮ ಬೀದಿಯ ಅರ್ಧ ಮನೆಗಳ ದೀಪಕ್ಕೆ ನಾನು ಹೊಸೆದ ಬತ್ತಿಯೇ.

ನಡುವೆ ಒಂದು ಕಡೆ ಸಿಕ್ಕಿಹಾಕಿಕೊಂಡೆ. 0.25ಕ್ಕೆ ಬಂದಾಗ ಏಳು ವಾರ ಅಲ್ಲೇ ನಿಂತೆ. ರಾತ್ರಿಯೆಲ್ಲ ಕೆಟ್ಟ ಕನಸು, ಕಾಲು ಸೆಳೆತ. ಒಂದು ದಿನ ಜಗಲಿಯಲ್ಲಿ ಕೂತು ಅತ್ತುಬಿಟ್ಟೆ. ಡಾಕ್ಟರಿಗೆ ಫೋನ್ ಮಾಡಿದರೆ 'ಹಿಂದಕ್ಕೆ ಹೋಗಬೇಡಿ, ಮುಂದಕ್ಕೂ ಹೋಗಬೇಡಿ, ಅಲ್ಲೇ ಕೂತಿರಿ' ಅಂದರು. ಆ ಮಾತು ನನ್ನನ್ನ ಉಳಿಸಿತು. ದಸರಾ ರಜೆಯಲ್ಲಿ ಕೊನೆಯ ಚೂರು ಮುಗಿಯಿತು.

ಈಗ ನನ್ನ ತಕರಾರು. ಈ ಜಾತಿಯ ಮಾತ್ರೆಗಳು 1960ರಿಂದ ಜಗತ್ತಿನಲ್ಲಿವೆ. ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಅಂತ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1988ರಲ್ಲೇ ಅಲ್ಲಿನ ಡಾಕ್ಟರುಗಳಿಗೆ ಹೇಳಿತ್ತು. ಆಗ ನಾನು ಪಿಯುಸಿ ಓದುತ್ತಿದ್ದೆ. ಅಷ್ಟು ಹಳೆಯ ವಿಷಯ ನನ್ನ ಮನೆ ಬಾಗಿಲಿಗೆ ಬರಲಿಲ್ಲ. ಡಾಕ್ಟರ ಕೋಣೆ ಹೊರಗೆ ನಲವತ್ತು ಜನ ಕಾಯುತ್ತಿದ್ದರೆ ಒಬ್ಬಳ ನಿದ್ದೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡೋದು ಆಗದ ಕೆಲಸ, ಒಪ್ಪುತ್ತೇನೆ. ಆದರೆ ಚೀಟಿಯಲ್ಲಿ ಇನ್ನೊಂದು ಸಾಲು ಬರೆಯಬಹುದಲ್ವಾ? 'ಇಂಥ ದಿನ ನಿಲ್ಲಿಸಬೇಕು. ಆಗದಿದ್ದರೆ ಬಂದು ಕಾಣಿ.' ಆ ಒಂದು ಸಾಲು ಇದ್ದಿದ್ದರೆ ನನ್ನ ಅತ್ತೆಯ ಕೈ ಮುರಿಯುತ್ತಿರಲಿಲ್ಲ. ಇವತ್ತು ನಿಮಗೆ ಯಾರಾದರೂ ಈ ಮಾತ್ರೆ ಬರೆದರೆ ಎದ್ದು ಬರುವ ಮೊದಲು ಕೇಳಿ, 'ಸರ್, ಇದನ್ನ ನಿಲ್ಲಿಸೋದು ಯಾವಾಗ? ಹೇಗೆ?' ಕೇಳೋದು ಉದ್ಧಟತನ ಅಲ್ಲ. ನಿಮ್ಮ ಹಕ್ಕು.

ಈಗಾಗಲೇ ಸಿಕ್ಕಿಕೊಂಡಿದ್ದರೆ ನಾಚಿಕೆ ಬೇಡ. ನೀವು ಕುಡುಕರೂ ಅಲ್ಲ, ದುರ್ಬಲರೂ ಅಲ್ಲ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ್ದು, ಇಡೀ ದಿನ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಮತ್ತು ಅವಲಂಬನೆಗೆ ಅಂತಲೇ ಬೇರೆ ವಿಭಾಗ ಇದೆ. ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ಸ್ಟಾಫ್ ರೂಮಿನ ನನ್ನ ಗೆಳತಿಗೆ ನಿನ್ನೆ ಇದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತಿದ್ದರು. ಆಮೇಲೆ 'ಬರೋ ಶನಿವಾರ ಜೊತೆಗೆ ಬರ್ತೀರಾ ಅಕ್ಕ?' ಅಂದರು. ಹೋಗ್ತಾ ಇದ್ದೇವೆ.

ನನಗೆ ಈಗಲೂ ದಿನಾ ಒಂದೇ ಥರ ನಿದ್ದೆ ಬರುತ್ತದೆ ಅಂತಿಲ್ಲ. ವಾರದಲ್ಲಿ ಒಂದು ರಾತ್ರಿ ಎರಡೂವರೆಗೆ ಎಚ್ಚರವಾಗುತ್ತದೆ. ಗೂಡ್ಸ್ ಗಾಡಿ ಹೋಗೋದು ಕೇಳಿಸುತ್ತದೆ. ಎಣಿಸೋದು ಬಿಟ್ಟಿದ್ದೀನಿ. ಅವರೆಕಾಯಿ ಮತ್ತೆ ಬಂದಿದೆ. ಮೊನ್ನೆ ರಾತ್ರಿ ಅಭ್ಯಾಸದಂತೆ ಕಾಳು ನೆನೆಸಿಟ್ಟು ಮಲಗಿದೆ. ಬೆಳಿಗ್ಗೆ ಇವರು ಅಡುಗೆಮನೆಯಿಂದ ಕೂಗಿದರು, 'ಇದೇನೇ, ಕಾಳೆಲ್ಲ ಹಾಗೇ ಇದೆ?' ಹೋಗಿ ನೋಡಿದೆ. ಒಂದೂ ಮುಟ್ಟಿರಲಿಲ್ಲ. ಇಬ್ಬರೂ ಮಣೆ ಹಾಕಿಕೊಂಡು ಕೂತು, ಸ್ಕೂಲಿಗೆ ಹೊತ್ತಾಗುವವರೆಗೂ ಹಿತುಕಿದೆವು.